ಏಳನೆಯ ಹಾಡಿನ ಗಾಯ

ಕಂತು ಹದಿನಾಲ್ಕು

ನಲವತ್ತೊಂದನೆಯ ಸೀಡಿಯೂ ಸತ್ತಿತ್ತು.

ದಾಕ್ಷಾಯಣಿ ಅದನ್ನು ಸೂರ್ಯನ ಎದುರು ಹಿಡಿದಳು. ಬೆಳ್ಳಿಯ ಪದರು ಉದುರಿ, ಬೆಳಕು ಜರಡಿಯಿಂದ ಇಳಿದಂತೆ ಅವಳ ಮುಖದ ಮೇಲೆ ಚುಕ್ಕೆಚುಕ್ಕೆಯಾಗಿ ಬಿತ್ತು. ಇದರೊಳಗೆ ಒಂದು ಕಾಲಕ್ಕೆ ಯಾರು ಹಾಡಿದ್ದರೋ, ಯಾರು ಕುಣಿದಿದ್ದರೋ, ಬಿಳೂರಿನ ಬಿಸಿಲು ಎಲ್ಲವನ್ನೂ ನೆಕ್ಕಿ ಮುಗಿಸಿತ್ತು.

ಸುತ್ತ ಜೋಳದ ಹೊಲ. ತೆನೆಯಲ್ಲಿ ಹಾಲು ತುಂಬಿದೆ. ಗೂಟದಿಂದ ಗೂಟಕ್ಕೆ ದಾರ ಎಳೆದು, ದಾರದ ತುಂಬ ಹಳೆಯ ಸೀಡಿಗಳನ್ನು ತೂಗುಬಿಟ್ಟಿದ್ದಾರೆ. ಗಾಳಿಗೆ ಅವು ಗರಗರ ತಿರುಗಿ ಮಿಂಚಿದರೆ ಹಕ್ಕಿಗಳು ಹೆದರಿ ಹಾರಬೇಕು.

"ಬಾಯಾರ, ದಾರಾನ ಬಿಚ್ಚಿಕೊಂಡ ಹೊಂಟ್ರ ನನ್ನ ಜ್ವಾಳ ಯಾರ ಕಾಯಬೇಕ್ರಿ?" ಹೊಲದ ಒಡೆಯ ಸೋಮನಿಂಗಪ್ಪ ಬದುವಿನ ಮೇಲೆ ಕುಳಿತು ಸೀತನಿ ತೆನೆ ಸುಟ್ಟು ತಿನ್ನುತ್ತ ಕೇಳಿದ.

"ನೀನ ಕಾಯಿ," ಎಂದಳು ಮಲಕವ್ವ. "ಹಕ್ಕಿ ತಿಂದದ್ದಕಿಂತ ನೀ ಕುಂತ ತಿಂದದ್ದ ಜಾಸ್ತಿ ಆತು."

ದರಿಬಡಚಿಯ ಕುರಿಗಾರತಿ ಮಲಕವ್ವ ತಾನೇ ಕಟ್ಟಿದ ಒಂಬತ್ತು ಹಾಡುಗಳನ್ನು ತಾನೇ ಹಾಡಕೂಡದೆಂದು ಬಿಳಿಗುದುರಿ ಕ್ಯಾಸೆಟ್ ಕಂಪನಿಯ ಶ್ರೀಶೈಲಪ್ಪ ಕೋರ್ಟಿನಿಂದ ಮನಾಯಿ ಹುಕುಂ ತಂದು ನಾಲ್ಕು ತಿಂಗಳಾಗಿತ್ತು. ಅದು ಕಾಯಂ ಆಗುವುದೋ ಹರಿದು ಬೀಳುವುದೋ ನಾಳೆ ಸೋಮವಾರ ಸಾಂಗಲಿಯಲ್ಲಿ ತೀರ್ಮಾನ.

ನಾಲ್ಕು ತಿಂಗಳು ಮಲಕವ್ವ ಹಾಡಿರಲಿಲ್ಲ. ಕುರಿ ಕರೆಯಲೂ ಬರೀ ಸಿಳ್ಳು ಹಾಕುತ್ತಿದ್ದಳು. ಹಾಡು ಮುದ್ರಿಸಿಟ್ಟವನ ಸ್ವತ್ತು, ಹಾಡಿದವಳದು ಬರೀ ಗಾಳಿ. ಇಂಥ ನ್ಯಾಯವನ್ನು ಮರಾಠಿಯಲ್ಲಿ ಟೈಪು ಮಾಡಿ, ಮೊಹರು ಒತ್ತಿ ಅವಳ ಕೈಗೆ ಕೊಟ್ಟಿದ್ದರು. ಓದಲು ಬಾರದ ಅವಳು ಅದನ್ನು ಜತ್ತದ ಕೋರ್ಟಿನ ಎದುರು ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವ ದಾಕ್ಷಾಯಣಿಯ ಮುಂದೆ ತಂದು ಇಟ್ಟಿದ್ದಳು. ಅಂದಿನಿಂದ ದಾಕ್ಷಾಯಣಿಗೆ ನಿದ್ದೆ ಅರ್ಧ.

ಶ್ರೀಶೈಲಪ್ಪ ಕೋರ್ಟಿಗೆ ಹಾಕಿದ ಸೀಡಿಯ ಮೇಲೆ 2009 ಎಂದಿತ್ತು. ಕಂಪನಿಯ ಸ್ಟುಡಿಯೋದಲ್ಲಿ, ಕಂಪನಿಯ ಕಲಾವಿದೆ ಹಾಡಿದ ಮೂಲ ಪ್ರತಿಯಂತೆ. ಪರದೆಯ ಮೇಲೆ ಯಾರೋ ಎಳೆಯ ಹುಡುಗಿಯರು ಬಣ್ಣದ ಸೀರೆಯಲ್ಲಿ ಕುಣಿಯುತ್ತಾರೆ. ದನಿ ಮಾತ್ರ ಮಲಕವ್ವನದು. ಆದರೆ ದನಿ ತನ್ನದೆಂದು ಕುರಿಗಾರತಿ ಹೇಳಿದರೆ ಯಾರು ನಂಬುತ್ತಾರೆ?

ಕಳೆದ ವಾರ ದಾಕ್ಷಾಯಣಿಯ ಕಿವಿಗೆ ಒಂದು ಸಂಗತಿ ಬಿದ್ದಿತ್ತು. ಏಳನೆಯ ಹಾಡಿನ ನಡುವೆ 'ಟಕ್' ಎಂದು ಸದ್ದಾಗಿ ಒಂದು ಕ್ಷಣ ದನಿಯೇ ಇಲ್ಲ. ಮತ್ತೆ ಹಾಡು ಮುಂದುವರಿಯುತ್ತದೆ. ಹಾಡಿಗೆ ಯಾರೋ ಚಾಕು ತಾಗಿಸಿದಂಥ ಗಾಯ.

ಅದೇ ಗಾಯ ಇರುವ ಹಳೆಯ ಸೀಡಿ ಒಂದು ಸಿಕ್ಕರೆ ಸಾಕು. ಶ್ರೀಶೈಲಪ್ಪನ 'ಮೂಲ' ನಕಲಾಗುತ್ತದೆ.

"ಸೋಮನಿಂಗಪ್ಪ, ಇದರೊಳಗ ಕುರಿ ಹಾಡಿನ ಸೀಡಿ ಯಾವುದಿತ್ತು?"

"ಹಂಗ ಹೇಳಾಕ ಆಗೂದಿಲ್ರಿ. ತಿಂಗಳಗಟ್ಟಲೆ ಅದನ್ನ ಹಚ್ಚೀನಿ. ಸೀಡಿ ಸವದು ಹೋತು, ನನ್ನ ಹೆಂಡತಿ ಟೀವಿ ಒಡೀತೀನಿ ಅಂದ್ಲು, ಆಮ್ಯಾಲ ಹೊಲಕ್ಕ ತಂದ ಕಟ್ಟಿದೆ."

ದಾಕ್ಷಾಯಣಿ ಸೀಡಿಗಳನ್ನು ಒಂದೊಂದಾಗಿ ಮಗುಚತೊಡಗಿದಳು. ಬೆಳ್ಳಿ ಹೋದರೂ ನಡುವಿನ ತೂತಿನ ಸುತ್ತ ಇರುವ ಗಾಜಿನಂಥ ಉಂಗುರ ಉಳಿದಿತ್ತು. ಹನ್ನೊಂದು ಸೀಡಿಗಳ ಉಂಗುರದ ಮೇಲೆ ಕರಿ ಮಾರ್ಕರಿನಲ್ಲಿ ಎರಡು ಸಣ್ಣ ಅಕ್ಷರ: ತಿ. ಮ.

"ಇವನ್ನ ಎಲ್ಲಿ ತಗೊಂಡಿದ್ದಿ?"

"ಸಂಖದ ಸಂತಿಯಾಗ್ರಿ. ತಿಕೋಂಡಿ ಹುಡುಗ ಒಬ್ಬಾಂವ ಗೋಣಿಚೀಲ ಹಾಸಿ ಮಾರತಿದ್ದ. ಮನ್ಯಾಗ ಕಂಪ್ಯೂಟರ್ ಇಟ್ಟಿದ್ದ, ತಾನ ಕಾಪಿ ಹೊಡೀತಿದ್ದ. ಮಲ್ಲಿನಾಥ ಅಂತ." ಸೋಮನಿಂಗಪ್ಪ ತೆನೆಯ ಬೂದಿಯನ್ನು ಕೊಡವಿದ. "ಈಗ ದೊಡ್ಡ ಮನಷಾ ಆಗ್ಯಾನ್ರಿ. ಸಾಲಿ ಮಾಸ್ತರ."

ಮಲಕವ್ವ ಆಗಲೇ ಸ್ಕೂಟಿಯ ಕಡೆಗೆ ಹೊರಟಿದ್ದಳು.

*

ತಿಕೋಂಡಿಯ ಆ ಮನೆಯ ಪಡಸಾಲೆಯಲ್ಲಿ ಮುದುಕಿ ಅಕ್ಕವ್ವ ಕುಳಿತು ಕದರಿನಿಂದ ಉಣ್ಣೆ ನೂಲುತ್ತಿದ್ದಳು. ಮೂಲೆಯ ಮೇಜಿನ ಮೇಲೆ ಹೂವಿನ ಬಟ್ಟೆ ಹೊದಿಸಿದ ಕಂಪ್ಯೂಟರ್. ಶಾಲೆಯವರು ಹೊಸದು ಬಂದಾಗ ಮೂಲೆಗೆ ಎಸೆದದ್ದನ್ನು ಮಲ್ಲಿನಾಥ ಕೇಳಿ ತಂದು, ರಿಪೇರಿ ಮಾಡಿ ಇಟ್ಟುಕೊಂಡಿದ್ದ. ನಲವತ್ತರ ಆಸುಪಾಸಿನ ಮನುಷ್ಯ. ರವಿವಾರವೂ ಇಸ್ತ್ರಿಯ ಅಂಗಿ.

"ಬರ್ರಿ, ಕುಂದ್ರಿ. ಚಾ ಮಾಡಸ್ತೀನಿ."

ದಾಕ್ಷಾಯಣಿ ಚೀಲದಿಂದ ಸತ್ತ ಸೀಡಿಯೊಂದನ್ನು ತೆಗೆದು ಅವನ ಮುಂದೆ ಹಿಡಿದಳು. "ಇದು ನಿಮ್ಮ ಅಕ್ಷರ ಏನ್ರಿ ಮಾಸ್ತರ?"

"ಅಲ್ಲ."

"ನೋಡದನ ಅಲ್ಲ ಅಂದ್ರೆಲ್ಲ."

"ಬಾಯಾರ, ಆ ಕಾಲದಾಗ ಮನಿಮನ್ಯಾಗ ಕಾಪಿ ಹೊಡೀತಿದ್ರು. ಯಾರ ಏನ ಬರದಾರೋ ನನಗೇನ ಗೊತ್ತು?"

"ಮನಿಮನ್ಯಾಗ ಅಲ್ಲ. ಈ ಭಾಗದಾಗ ಸೀಡಿ ರೈಟರ್ ಇದ್ದ ಮನಿ ಮೂರ. ಬಿಳೂರ ಗುರುಸಿದ್ದ ಸಿನಿಮಾ ಬಿಟ್ಟ ಬ್ಯಾರೆ ಹೊಡೀಲಿಲ್ಲ. ಉಮದಿ ವಿಠೋಬ ಮದುವಿ ಬಿಟ್ಟ ಬ್ಯಾರೆ ಮುಟ್ಟಲಿಲ್ಲ. ದಾರ್ಯಾಗ ಇಬ್ಬರಿಗೂ ಫೋನ್ ಹಚ್ಚಿ ಕೇಳೇ ಬಂದೀನಿ. ಉಳದಾಂವ ಒಬ್ಬ."

ಮಲ್ಲಿನಾಥ ಕಂಪ್ಯೂಟರಿನ ಮೇಲಿನ ಬಟ್ಟೆಯ ಅಂಚನ್ನು ಸರಿ ಮಾಡಿದ. ಅದು ಸರಿಯಾಗಿಯೇ ಇತ್ತು.

ದಾಕ್ಷಾಯಣಿ ಮೊಬೈಲ್ ತೆಗೆದು, ಶ್ರೀಶೈಲಪ್ಪನ ಸೀಡಿಯಿಂದ ಇಳಿಸಿಕೊಂಡಿದ್ದ ಏಳನೆಯ ಹಾಡು ಹಚ್ಚಿದಳು. ಪಡಸಾಲೆಯ ತುಂಬ ಮಲಕವ್ವನ ಹದಿನೆಂಟು ವರ್ಷ ಹಿಂದಿನ ಕಂಠ ಎದ್ದಿತು.

ಹಾದಿ ಬಿಟ್ಟ ಕುರಿಗಿ ಹೆಸರಿಟ್ಟ ಕರದೇನ
ಊರ ಬಿಟ್ಟ ನನಗ ಯಾರ ಕರ—

ಟಕ್.

—ದಾರೊ, ಯಾರ ಕರದಾರೊ

ಅಕ್ಕವ್ವನ ಕದರು ನಿಂತಿತು. "ಇದ ಅದ ಅಲ್ಲೇನೋ ಮಲ್ಲ್ಯಾ? ನಾ ವಾಯರ ಎಳದದ್ದು?"

"ಯವ್ವಾ, ಸುಮ್ಕಿರು."

"ಯಾಕ ಸುಮ್ಕಿರಲಿ? ಕಸಾ ಹೊಡಿಯೂಮುಂದ ಕಸಬರಗಿಗೆ ವಾಯರ ಸಿಕ್ತು. ಇಂವ ಹಿಡದ ಹಾಡ ಕ್ಯಾಮೆರಾದಿಂದ ಕಂಪ್ಯೂಟರಿಗೆ ಇಳಿಯಾಕತ್ತಿತ್ತಂತ. ಹಾಡ ಕೆಡಿಸಿದಿ ಅಂತ ಮೂರ ದಿನಾ ನನ್ನ ಕೂಡ ಮಾತ ಬಿಟ್ಟಿದ್ದ ಬಾಯಾರ ಇಂವ. ಮೂರ ದಿನಾ! ಉಣ್ಣಾಕ ಕರದ್ರ ಗ್ವಾಡಿ ಕೂಡ ಮಾತಾಡತಿದ್ದ."

ದಾಕ್ಷಾಯಣಿ ನಿಧಾನಕ್ಕೆ ಕೆಳಗೆ ಕುಳಿತಳು. ಒಂದು ವಾರದಿಂದ ಅವಳು ಹುಡುಕುತ್ತಿದ್ದ ಚಾಕು ಒಂದು ಕಸಬರಿಗೆ! ಗಾಯ ಕ್ಯಾಮೆರಾದಲ್ಲಿ ಆದದ್ದಲ್ಲ, ಹಾಡುವಾಗ ಆದದ್ದಲ್ಲ. ಈ ಪಡಸಾಲೆಯಲ್ಲಿ, ಈ ಮುದುಕಿಯ ಕೈಯಲ್ಲಿ ಆದದ್ದು. ಹಾಗಿದ್ದರೆ ಅದು ಶ್ರೀಶೈಲಪ್ಪನ ಸ್ಟುಡಿಯೋಕ್ಕೆ ಹೋದದ್ದು ಹೇಗೆ?

"ಮಾಸ್ತರ, ನಿಮ್ಮ ಕಂಪ್ಯೂಟರಿನ್ಯಾಗಿಂದ ಇದು ಅವನ ಕೈಗೆ ಹೆಂಗ ಹೋತು?"

ಮಲ್ಲಿನಾಥ ಗೋಡೆಗೆ ಒರಗಿದ. ಇಸ್ತ್ರಿಯ ಅಂಗಿಯೊಳಗೆ ಮನುಷ್ಯ ಸಣ್ಣಗಾದ.

"ಹದಿನಾಕ ವರ್ಷ ಆತ್ರಿ. ಸಿನಿಮಾ ಸೀಡಿ ಕಾಪಿ ಹೊಡದೀನಿ ಅಂತ ಪೊಲೀಸರು ಎತ್ತಿಕೊಂಡ ಹೋದ್ರು. ಸುಳ್ಳಲ್ರಿ, ಹೊಡದಿದ್ದೆ. ಡಿಎಡ್ ಮುಗದಿತ್ತು, ನೌಕರಿಗಿ ಅರ್ಜಿ ಹಾಕಿದ್ದೆ. ಕೇಸ ಬಿದ್ರ ಮುಗೀತು. ಆವತ್ತ ಶ್ರೀಶೈಲಪ್ಪ ಬಂದ. ದೇವರ ಬಂದಂಗ ಬಂದ. ಬಿಡಿಸಿದ. ಮನಿಗಿ ಬಂದು, 'ಈ ಡಬ್ಬಿ ಇಲ್ಲಿದ್ರ ಮತ್ತ ಸಿಗತಿ' ಅಂತ ಕಂಪ್ಯೂಟರ್, ಸೀಡಿ ಎಲ್ಲಾ ಜೀಪಿನ್ಯಾಗ ಹಾಕ್ಕೊಂಡ ಹೋದ. ಖಾಲಿ ಸ್ಟ್ಯಾಂಪ್ ಪೇಪರಿನ ಮ್ಯಾಲ ಸಹಿ ತಗೊಂಡ."

"ಆಮ್ಯಾಲ?"

"ಎರಡ ವರ್ಷ ಆದಮ್ಯಾಲ ಅಂಗಡಿಯೊಳಗ ನಮ್ಮ ಹಾಡ ಕೇಳಿದೆ. ಬ್ಯಾರೆ ಹುಡುಗ್ಯಾರು ಕುಣಿಯಾಕತ್ತಿದ್ರು. ಸೀಡಿ ಮ್ಯಾಲ ನಾಕ ವರ್ಷ ಹಿಂದಿನ ಇಸವಿ, 2009, ಹಾಕಿಕೊಂಡಿದ್ದ."

"ಕೇಳಿ ಸುಮ್ನ ಬಂದ್ರಿ."

"ಸಹಿ ಅವನ ಕಡೆ ಐತ್ರಿ! ಅದರ ಮ್ಯಾಲ ಏನ ಬರಕೊಂಡಾನೋ. ನಾ ಈಗ ಬಾಯಿ ಬಿಟ್ರ ನಾಳೆ ಸಾಲಿಗಿ ಕಾಗದ ಬರ್ತೈತಿ. ಕಳ್ಳ ಮಾಸ್ತರ ಅಂತ ಹುಡುಗೂರು..."

ಇಲ್ಲಿಯವರೆಗೆ ಮಲಕವ್ವ ಬಾಗಿಲ ಹೊಸ್ತಿಲಲ್ಲೇ ನಿಂತಿದ್ದಳು. ಈಗ ಒಳಗೆ ಬಂದಳು. ಬೈಯುತ್ತಾಳೆಂದು ದಾಕ್ಷಾಯಣಿ ಕಾದಳು. ಮಲ್ಲಿನಾಥನೂ ಕಾದ.

"ತಮ್ಮಾ," ಎಂದಳು ಮಲಕವ್ವ. "ನನ್ನ ಕೇಳದ ನನ್ನ ಹಾಡ ನೀನೂ ಕಾಪಿ ಹೊಡದಿ, ಅಂವನೂ ಕಾಪಿ ಹೊಡದ. ನೀ ಹೊಡದದ್ದಕ್ಕ ನಾ ನೋಡದ ಊರಿನ್ಯಾಗ ಮಂದಿ ನನ್ನ ಹೆಸರ ಹಿಡದ ಕರದ್ರು, ಕರದ ಹಾಲ ಕೊಟ್ರು. ಅಂವ ಹೊಡದದ್ದಕ್ಕ ನನ್ನ ಬಾಯಿಗಿ ಕೀಲಿ ಬಿತ್ತು. ಎರಡೂ ಒಂದ ಅಂತ ಕೋರ್ಟ್ ಅನಲಿ. ನಾ ಅನ್ನೂದಿಲ್ಲ."

ಅವಳು ಅವನ ಎದುರಿಗೆ ಕುಳಿತಳು.

"ಸಾಲಿಯೊಳಗ ಹುಡುಗೂರಿಗಿ ಪದಾ ಕಲಸ್ತಿ ಅಲ್ಲ? ಇದು ಯಾರ ಪದಾ ಅಂತ ಕೇಳಿದ್ರ ಏನ ಹೇಳತಿ?"

ಮಲ್ಲಿನಾಥ ಹೇಳಿದ: "ನಾಳೆ ಸಾಂಗಲಿಗಿ ಬರ್ತೀನ್ರಿ. ಸಾಕ್ಷಿ ಹೇಳತೀನಿ. ನೌಕರಿ ಹೋದ್ರ ಹೋಗಲಿ." ಮತ್ತೆ ದನಿ ಇಳಿಸಿದ. "ಆದ್ರ ಬಾಯಾರ, ಬರೇ ಬಾಯಿಮಾತ ಯಾರ ಕೇಳತಾರ? ನನ್ನ ಕಡೆ ಒಂದೂ ಸೀಡಿ ಇಲ್ಲ. ಅಂವ ಎಲ್ಲಾ ಒಯ್ದ."

"ಎಲ್ಲಾ ಹೆಂಗ ಒಯ್ದಾನು?" ಅಕ್ಕವ್ವ ಕದರನ್ನು ಬುಟ್ಟಿಯಲ್ಲಿಟ್ಟು ಮೊಣಕಾಲು ಹಿಡಿದು ಎದ್ದಳು. "ಅಮೋಗಸಿದ್ದಂದ ಐತಲ್ಲ?"

*

ಕುರಿ ಈದರೆ ಮೊದಲ ಹಾಲು ಮನೆದೇವರು ಅಮೋಗಸಿದ್ದನಿಗೆ. ಉಣ್ಣೆ ಕತ್ತರಿಸಿದರೆ ಮೊದಲ ಹಿಡಿ ಅಮೋಗಸಿದ್ದನಿಗೆ. ಮಗ ಮನೆಯಲ್ಲಿ ಸೀಡಿ ಮಾಡತೊಡಗಿದಾಗ ಅಕ್ಕವ್ವ ಅದನ್ನೂ ಬೇರೆ ಬೆಳೆ ಎಂದು ತಿಳಿದಿರಲಿಲ್ಲ. ಹೊಸ ಹಾಡು ಯಾವುದೇ ಇರಲಿ, ಮೊದಲು ಹೊರಬಂದ ಸೀಡಿ ದೇವರ ಜಗಲಿಗೆ. ಮಗ ನಕ್ಕಿದ್ದ. ನಕ್ಕರೂ ಕೊಟ್ಟಿದ್ದ, ಮಶೀನು ಕೆಟ್ಟೀತೆಂಬ ಹೆದರಿಕೆಗೆ. ಕೊಟ್ಟದ್ದನ್ನು ಕಾಲ ಕಳೆದಂತೆ ಮರೆತಿದ್ದ.

ಜಗಲಿಯ ಹಿಂದಿನ ಗೂಡಿನಲ್ಲಿ, ಕರಿ ಕಂಬಳಿಯ ತುಂಡಿನೊಳಗೆ, ಬಿಸಿಲು ಕಾಣದೆ, ಧೂಳು ಕಾಣದೆ ಆರು ಸೀಡಿಗಳಿದ್ದವು. ಮೇಲೆ ದೇವರ ಭಂಡಾರದ ಅರಿಶಿನ.

ಅಕ್ಕವ್ವ ದೀಪ ಹಚ್ಚಿದಳು. ದೇವರಿಗೆ ಕೊಟ್ಟದ್ದನ್ನು ಹಾಗೇ ಎತ್ತಲಾಗದು, ಕೇಳಬೇಕು. "ಯಪ್ಪಾ, ನಿನ್ನ ಹಾಡು ಒಂದೀಟ ಒಯ್ಯಾಕತ್ತೀವಿ. ತಂದ ಇಲ್ಲೇ ಇಡತೀವಿ. ಇದು ನಮ್ಮ ಮಾತು."

ನಾಲ್ಕನೆಯ ಸೀಡಿಯ ಮೇಲೆ 'ಮಲಕವ್ವ, ಕುರಿ ಹಾಡು' ಎಂದಿತ್ತು. ಮಲ್ಲಿನಾಥ ಅದನ್ನು ಅಂಚು ಹಿಡಿದು ಬೆಳಕಿಗೆ ಒಡ್ಡಿದ. ಬೆಳ್ಳಿಯಲ್ಲಿ ಒಂದು ತೂತೂ ಇಲ್ಲ. ಅಂಗಿಯ ತುದಿಯಿಂದ, ನಡುವಿನಿಂದ ಹೊರಕ್ಕೆ, ನೇರ ಗೆರೆ ಎಳೆದಂತೆ ಒರೆಸಿದ. ಹದಿನಾಲ್ಕು ವರ್ಷಗಳ ನಂತರವೂ ಕೈ ಮರೆತಿರಲಿಲ್ಲ.

ಕಂಪ್ಯೂಟರ್ ಅದನ್ನು ನುಂಗಿತು. ಗುರ್ರೆಂದಿತು. ಮೂವರೂ ಪರದೆಯ ಕಡೆ ಬಾಗಿದರು. ಅಕ್ಕವ್ವ ಮಾತ್ರ ಅನುಮಾನವೇ ಇಲ್ಲದವಳಂತೆ ಎಲೆ ಅಡಿಕೆ ಹಾಕಿಕೊಂಡಳು.

ಪರದೆಯ ಮೇಲೆ ಒಂಬತ್ತು ಫೈಲುಗಳು. ಪಕ್ಕದಲ್ಲಿ ತಾರೀಖು: 2007, ಮಾರ್ಚ್.

ಏಳನೆಯದನ್ನು ಒತ್ತಿದ. ಯಾರ ಕರ— ಟಕ್. —ದಾರೊ.

ಮಲಕವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮನಾಯಿ ಹುಕುಂ ನೆನಪಾಗದೆ ಇದ್ದರೆ ಆಗಲೇ ಹಾಡಿಬಿಡುತ್ತಿದ್ದಳೇನೋ.

ದಾಕ್ಷಾಯಣಿ ಅಂಗಳಕ್ಕೆ ಹೋಗಿ ವಕೀಲ ಬಸಗೊಂಡನಿಗೆ ಫೋನು ಹಚ್ಚಿದಳು. ಮಲಕವ್ವನ ಪರವಾಗಿ ನಿಂತವನು ಅವನೇ. ಹುಕುಂ ಬಂದ ವಾರದಲ್ಲೇ ತಾನಾಗಿ ದಾಕ್ಷಾಯಣಿಯ ಮೇಜಿಗೆ ಬಂದು, 'ಈ ತಾಯಿ ಕೇಸ್ ನಾ ನಡಸ್ತೀನ್ರಿ' ಎಂದಿದ್ದ.

"ಸಿಕ್ತು ಸಾಹೇಬ್ರ! ತಿಕೋಂಡ್ಯಾಗ. ಮಲ್ಲಿನಾಥ ಮಾಸ್ತರ ಮನ್ಯಾಗ."

"ಭಾಳ ಚಲೋ ಆತು," ಎಂದ ಬಸಗೊಂಡ. "ನಾ ಸಂಖದಾಗ ಅದೀನಿ. ಅರ್ಧಾ ತಾಸಿನ್ಯಾಗ ಬರ್ತೀನಿ. ಸೀಡಿ ನನ್ನ ಕೈಯಾಗ ಕೊಡ್ರಿ. ಮತ್ತ ಬಾಯಾರ, ಅದರ ಕಾಪಿ ಮಾಡಬ್ಯಾಡ್ರಿ. ಕಾಪಿ ಮಾಡಿದ್ರ ಸಾಕ್ಷಿ ಕೆಡತೈತಿ."

"ಆತ್ರಿ," ಎಂದಳು. ಫೋನು ಇಟ್ಟ ಮೇಲೆ ಅವಳಿಗೆ ಸಣ್ಣಗೆ ಏನೋ ಚುಚ್ಚಿತು. ಇಪ್ಪತ್ತು ವರ್ಷ ಕೋರ್ಟಿನ ಎದುರು ಕುಳಿತವಳು ಅವಳು. ಕಾಪಿ ಮಾಡಿದರೆ ಸಾಕ್ಷಿ ಕೆಡುತ್ತದೆಂದು ಯಾವ ವಕೀಲನೂ ಹೇಳಿದ್ದು ಕೇಳಿರಲಿಲ್ಲ.

*

"ಮಾಸ್ತರ, ಮೊದಲಿಂದ ಹಚ್ಚು," ಮಲಕವ್ವ ಪರದೆಯ ಮುಂದೆ ಕಾಲು ಮಡಚಿ ಕುಳಿತಿದ್ದಳು. "ನಾ ಇದನ್ನ ಒಂದ ಸಲಾನೂ ನೋಡಿಲ್ಲ. ಆಗ ನಮ್ಮ ಹಟ್ಟಿಯೊಳಗ ಟೀವಿ ಎಲ್ಲಿತ್ತು?"

ಉಣ್ಣೆ ಕತ್ತರಿಸಿದ ದಿನದ ಬೆಳಗು. ಗುಡಿಯ ಬಯಲು. ಬೋಳಾದ ಕುರಿಗಳು ನಾಚಿದವರಂತೆ ಒಂದಕ್ಕೊಂದು ಅಂಟಿ ನಿಂತಿವೆ. ನಡುವೆ ಮೂವತ್ತೇಳರ ಮಲಕವ್ವ, ತಲೆಯ ಮೇಲೆ ಸೆರಗು, ಒಂದು ಕೈ ಕಿವಿಯ ಮೇಲೆ.

"ನೋಡ ಅಕ್ಕವ್ವ, ಹಲ್ಲ ಎಲ್ಲಾ ಇದ್ದು ಆಗ."

"ಈಗ ಹಲ್ಲ ಇಲ್ಲದಿದ್ರೂ ಕಡಿಯೂದೇನ ಬಿಟ್ಟಿಲ್ಲ ನೀ."

ಮೂರನೆಯ ಹಾಡು ಬಂತು. ಕ್ಯಾಮೆರಾ ಕುಳಿತ ಮಂದಿಯ ಮೇಲೆ ಹಾಯುತ್ತದೆ. ಬಿಳಿ ಟೊಪ್ಪಿಗೆಯ ಒಬ್ಬ ದಪ್ಪನೆಯ ಮನುಷ್ಯ ಮೊಣಕಾಲಿನ ಮೇಲೆ ಟೇಪು ಇಟ್ಟುಕೊಂಡಿದ್ದಾನೆ.

"ನಿಲ್ಲಸ್ರಿ!" ದಾಕ್ಷಾಯಣಿ ಕೂಗಿದಳು. "ಶ್ರೀಶೈಲಪ್ಪ!"

ಈ ಹೆಂಗಸನ್ನು ಜನ್ಮದಲ್ಲಿ ಕಂಡಿಲ್ಲ, ಇವಳ ಹಾಡು ಕೇಳಿಲ್ಲ ಎಂದು ಅವನು ಕೋರ್ಟಿನಲ್ಲಿ ಪ್ರಮಾಣಪತ್ರ ಕೊಟ್ಟಿದ್ದ. ಅದರ ನಕಲು ದಾಕ್ಷಾಯಣಿಯ ಚೀಲದಲ್ಲೇ ಇತ್ತು. ಇಲ್ಲಿ ನೋಡಿದರೆ ಅವಳಿಂದ ಹತ್ತು ಮಾರು ದೂರದಲ್ಲಿ ಕುಳಿತು ತಲೆದೂಗುತ್ತಿದ್ದಾನೆ.

"ಮುಂದ ಬಿಡ್ರಿ," ಎಂದಳು ಮಲಕವ್ವ. ಅವಳ ಗಮನ ಬೇರೆ ಕಡೆ ಇತ್ತು. "ಈ ಹಾಡಿನ್ಯಾಗ ಒಬ್ಬಾಂವ ನನ್ನ ಜೀವಾ ತಿಂದಿದ್ದ. ಎಲ್ಲಿಂದಲೋ ಬಂದ ಹುಡುಗ, ತಾಳ ಹಿಡದ ಕುಂತ. ಮೂರ ಸಲ ತಪ್ಪಿದ. ನಾ ಹಾಡ ನಿಲ್ಲಿಸಿ ಬೈದೆ. ಮಾರಿ ನೆನಪಿಲ್ಲ, ತಪ್ಪಿದ ತಾಳ ನೆನಪೈತಿ."

ಕ್ಯಾಮೆರಾ ಸರಿಯಿತು. ಶ್ರೀಶೈಲಪ್ಪನ ಪಕ್ಕದಲ್ಲಿ ಇಪ್ಪತ್ತೆರಡರ ತೆಳ್ಳನೆಯ ಯುವಕ. ಕೈಯಲ್ಲಿ ತಾಳ. ಎಡ ಹುಬ್ಬಿನ ನಡುವೆ ಕೂದಲು ಬೆಳೆಯದ ಒಂದು ಸೀಳು.

"ಶ್ರೀಶೈಲಪ್ಪನ ಅಕ್ಕನ ಮಗಾರಿ," ಮಲ್ಲಿನಾಥ ಹೇಳಿದ. "ಆಗ ಕಾನೂನ ಓದತಿದ್ದ."

ದಾಕ್ಷಾಯಣಿಗೆ ಹೆಸರು ಕೇಳಬೇಕಾಗಿರಲಿಲ್ಲ. ಆ ಹುಬ್ಬನ್ನು ಅವಳು ನಾಲ್ಕು ತಿಂಗಳಿಂದ ತನ್ನ ಮೇಜಿನ ಆಚೆ ದಿನವೂ ನೋಡುತ್ತಿದ್ದಳು.

"ನಮ್ಮ ವಕೀಲ ಬಸಗೊಂಡ!" ಎಂದಳು.

ಫೋನು ಮಾಡಿ ಹದಿನೈದು ನಿಮಿಷ ಆಗಿತ್ತು.

"ಮಾಸ್ತರ," ಎಂದಳು, ದನಿ ಏರಿಸದೆ. "ಇದರ ಕಾಪಿ ಎಷ್ಟ ಹೊತ್ತಿನ್ಯಾಗ ಆಗತೈತಿ?"

"ಪೆನ್ ಡ್ರೈವಿಗಾದ್ರ ಐದ ನಿಮಿಷ—"

"ಪೆನ್ ಡ್ರೈವ್ ತಿದ್ದಬಹುದು ಅಂತಾರ. ಸೀಡಿ ಬೇಕು. ಒಮ್ಮೆ ಸುಟ್ರ ಸುಟ್ಟಂಗ, ತಿದ್ದಾಕ ಬರಬಾರದು." ಅವಳು ಚೀಲಕ್ಕೆ ಕೈ ಹಾಕಿದಳು. ಕೋರ್ಟಿಗೆ ಹಾಕುವ ಸಾಕ್ಷಿಗೆ ಇವತ್ತಿಗೂ ಸೀಡಿ ಕೇಳುತ್ತಾರೆ. ಅರ್ಜಿ ಬರೆಯುವವಳ ಚೀಲದಲ್ಲಿ ಖಾಲಿ ಸೀಡಿ ಇಲ್ಲದಿದ್ದರೆ ಹೇಗೆ?

ಮಲ್ಲಿನಾಥ ಆ ಹೊಸ ಸೀಡಿಯನ್ನು ನೋಡಿದ. ಹದಿನಾಲ್ಕು ವರ್ಷದಿಂದ ಈ ಒಂದು ಕೆಲಸ ಕನಸಿನಲ್ಲಿ ಬಂದರೂ ಬೆವತು ಏಳುತ್ತಿದ್ದವನು. ತೋಳು ಮಡಚಿದ.

ಮೊದಲು ಹಾಡುಗಳು ಕಂಪ್ಯೂಟರಿಗೆ ಇಳಿಯಬೇಕು. ಹಳೆಯ ಮಶೀನು ಕುಂಟುತ್ತ ನಡೆಯಿತು. ನಾಲ್ಕು ಹಾಡು. ಆರು. ಮಲ್ಲಿನಾಥ ಕೂತಲ್ಲಿಂದ ಅಲುಗಲಿಲ್ಲ. ಅಕ್ಕವ್ವ ತಾನಾಗಿಯೇ ಬಾಗಿಲ ಬಳಿ ಹೋಗಿ, ವಾಯರಿನಿಂದ ದೂರ, ಕುಳಿತಳು.

ಒಂಬತ್ತೂ ಇಳಿದವು. ಅಮೋಗಸಿದ್ದನ ಸೀಡಿ ಹೊರಬಂತು, ದಾಕ್ಷಾಯಣಿ ಅದನ್ನು ಕಂಬಳಿಯ ತುಂಡಿನಲ್ಲಿ ಸುತ್ತಿದಳು. ಖಾಲಿ ಸೀಡಿ ಒಳಗೆ ಹೋಯಿತು.

"ಜೋರ ಸುಟ್ರ ಸೀಡಿ ಕೆಡತೈತ್ರಿ," ಮಲ್ಲಿನಾಥ ಪಿಸುಗುಟ್ಟಿದ. "ಸಾವಕಾಶನ ಸುಡಬೇಕು."

ಹತ್ತು ಪ್ರತಿಶತ. ಇಪ್ಪತ್ತೈದು. ನಲವತ್ತು. ಪರದೆಯ ಮೇಲೆ ಹಸಿರು ಗೆರೆ ಬೆಳೆಯುತ್ತಿತ್ತು, ಬಿತ್ತಿದ್ದು ಮೊಳೆತಂತೆ. ತೊಂಬತ್ತರ ಹತ್ತಿರ ಬಂದಾಗ ಹೊರಗೆ ಜೀಪಿನ ಸದ್ದು.

"ಬರ್ರಿ ಬರ್ರಿ ಸಾಹೇಬ್ರ," ಬಾಗಿಲಲ್ಲಿ ಅಕ್ಕವ್ವ ದೊಡ್ಡ ದನಿ ತೆಗೆದಳು. "ಕಾಲ ತೊಳಕೊಳ್ರಿ. ನೀರ ತಣ್ಣಗ 'ದಾವ. ಏಯ್, ಅಲ್ಲಲ್ಲ, ಈ ಕಡೆ. ಆ ಬಕೀಟ ಕುರಿಗೋಳದು."

ಟ್ರೇ ಹೊರಬಂತು. ಸೀಡಿ ಇನ್ನೂ ಬೆಚ್ಚಗಿತ್ತು. ಮಲ್ಲಿನಾಥ ಮಾರ್ಕರಿನಿಂದ ಹೆಸರು ಬರೆದ. ಒಳಗಿನ ಉಂಗುರದ ಮೇಲೆ ಎರಡು ಅಕ್ಷರ ಬರೆದ.

ದೇವರ ಸೀಡಿ ದಾಕ್ಷಾಯಣಿಯ ಸೆರಗಿನೊಳಗೆ ಹೋಯಿತು. ಹೊಸದು ಅವಳ ಕೈಯಲ್ಲಿತ್ತು.

ಬಸಗೊಂಡ ಒಳಗೆ ಬಂದ. ಈಗ ಮೈ ತುಂಬಿತ್ತು, ಕನ್ನಡಕ ಬಂದಿತ್ತು. ಹುಬ್ಬು ಅದೇ. ನಿಂತಲ್ಲೇ ಕೈ ಚಾಚಿದ. "ಕೊಡ್ರಿ ಬಾಯಾರ. ಲಗೂನ ಹೋಗಬೇಕು. ನಾಳಿನ ತಯಾರಿ ಐತಿ."

ಕೊಟ್ಟಳು. ಅವನು ಸೀಡಿಯನ್ನು ಹಿಂದೆ ಮುಂದೆ ತಿರುಗಿಸಿದ. ಬೆರಳಿಗೆ ಅದರ ಬಿಸಿ ತಾಗಿರಬೇಕು. ಮಲ್ಲಿನಾಥನ ಮಡಚಿದ ತೋಳಿನ ಕಡೆ ನೋಡಿದ. ಕಂಪ್ಯೂಟರಿನ ಕಡೆ ನೋಡಿದ.

"ಇದನ್ನ ಪೂರಾ ನೋಡಿದ್ರೇನ್ರಿ ನೀವು?"

"ಏಳನೇ ಹಾಡ ಅಷ್ಟ," ಎಂದಳು ದಾಕ್ಷಾಯಣಿ. ಕಣ್ಣು ಮಿಟುಕಿಸಲಿಲ್ಲ. ಇನ್ನು ಎರಡು ನಿಮಿಷ ಇವನು ನಂಬಿಕೊಂಡು ಹೊರಟರೆ ಸಾಕು, ನಾಳೆ ಅಸಲು ಸೀಡಿ ಸಾಂಗಲಿ ಸೇರುತ್ತದೆ.

ಆದರೆ ಸುಳ್ಳು ತಾಳಕ್ಕೆ ಹಾಡುವುದು ಮಲಕವ್ವನಿಗೆ ಹುಟ್ಟಿನಿಂದ ಬಂದದ್ದಲ್ಲ.

"ಕುಂದ್ರಿ ವಕೀಲ್ರ," ಎಂದಳು ಅವಳು, ಮೇಲೆ ನೋಡದೆ. "ಆವತ್ತ ಗುಡಿ ಮುಂದ ಮೂರನೇ ಹಾಡಿನ್ಯಾಗ ತಾಳ ತಪ್ಪಿದ್ರೆಲ್ಲ. ನಾ ಬೈದೆ, ನೀವು ಎದ್ದ ಹೋದ್ರಿ. ಮತ್ತ ಒಮ್ಮೆ ಕುಂತಿದ್ರ ಕೂಡತಿತ್ತು. ಇವತ್ತರೆ ಕುಂದ್ರಿ."

ದಾಕ್ಷಾಯಣಿ ಸೆರಗನ್ನು ಬಿಗಿಯಾಗಿ ಹಿಡಿದಳು. ಮಲ್ಲಿನಾಥ ಬಾಗಿಲಿಗೆ ಅಡ್ಡ ಬರಲು ಎದ್ದ.

ಬಸಗೊಂಡ ಕನ್ನಡಕ ತೆಗೆದ. ಅದನ್ನು ಒರೆಸಲೂ ಇಲ್ಲ, ಜೇಬಿಗೆ ಹಾಕಲೂ ಇಲ್ಲ. ನಾಲ್ಕು ತಿಂಗಳಿಂದ ತನ್ನ ಪರವೆಂದು ನಂಬಿದವಳ ಎದುರು, ಹದಿನೆಂಟು ವರ್ಷ ಹಿಂದೆ ಎದ್ದುಹೋದವನು ನಿಧಾನಕ್ಕೆ ಕೆಳಗೆ ಕುಳಿತ.

"ಸಣ್ಣಗ ಮಾತಾಡ್ರಿ ಯವ್ವಾ," ಎಂದ. "ಹೊರಗ ಜೀಪಿನ್ಯಾಗ ಮಾಮಾ ಕುಂತಾನ."